ಪಟ್ಟಿಗೆ ಸೇರದ ಬಿಡಾರ

ಫೆಬ್ರುವರಿ 2, ಸೋಮವಾರ

ಇಂದಿನಿಂದ ಗೋಕಾಕ ತಾಲೂಕಿಗೆ ನಿಯೋಜನೆ. ಹುಕ್ಕೇರಿಯಿಂದ ಏಳೂ ಹತ್ತರ ಬಸ್ಸು. ಆದೇಶದಲ್ಲಿ ಕಾರಣ ಒಂದೇ ಸಾಲು: ಕೋಳಿಗಳ ಅಸಹಜ ಸಾವಿನ ಹಿನ್ನೆಲೆಯಲ್ಲಿ ಜ್ವರ ಸಮೀಕ್ಷೆ.

ಮಮದಾಪುರದ ಕಡೆ ಬಸವಲಿಂಗ ಎಂಬವರ ಕೋಳಿ ಫಾರ್ಮಿನಲ್ಲಿ ನಾಲ್ಕು ದಿನಗಳಲ್ಲಿ ಮುನ್ನೂರ ಹತ್ತು ಕೋಳಿ ಸತ್ತಿವೆ. ಪಶುವೈದ್ಯ ಡಾ. ಭೀಮೇಶ ಮಾದರಿಗಳನ್ನು ಭೋಪಾಲದ ಪ್ರಯೋಗಾಲಯಕ್ಕೆ ಕಳಿಸಿದ್ದಾರೆ. ಫಲಿತಾಂಶ ಬರುವವರೆಗೆ ಇದು ‘ಶಂಕೆ’. ಹಕ್ಕಿಜ್ವರ ಎಂಬ ಪದವನ್ನು ಯಾರೂ ಬಾಯಲ್ಲಿ ಆಡಬಾರದು ಎಂದು ಸಭೆಯಲ್ಲಿ ಮೂರು ಸಲ ಹೇಳಿದರು. ಸಭೆ ಮುಗಿದ ಮೇಲೆ ಎಲ್ಲರೂ ಅದನ್ನೇ ಆಡುತ್ತಿದ್ದರು.

ನನ್ನ ಕೆಲಸ: ಶೆಡ್ಡಿನ ಸುತ್ತ ಮೂರು ಕಿಲೋಮೀಟರಿನೊಳಗಿನ ಪ್ರತಿ ಮನೆ. ಮನೆ ಸಂಖ್ಯೆ, ಯಜಮಾನರ ಹೆಸರು, ಸದಸ್ಯರು, ಜ್ವರ, ಕೆಮ್ಮು, ಸಾಕಿದ ಪ್ರಾಣಿ-ಪಕ್ಷಿ. ಹೊಸ ನಮೂನೆ ಕೈಗೆ ಹತ್ತಲೆಂದು ಮೊದಲ ಹಾಳೆಯನ್ನು ನನ್ನ ಹೆಸರಲ್ಲೇ ತುಂಬಿ ನೋಡಿದೆ. ನಂದಾ, ವಯಸ್ಸು 41, ಸದಸ್ಯರು 1, ಜ್ವರ ಇಲ್ಲ. ಹಿಂದಿನ ಪುಟದಲ್ಲಿ ‘ಕಳೆದ ಹತ್ತು ದಿನಗಳಲ್ಲಿ ಹತ್ತಿರದ ಸಂಪರ್ಕಕ್ಕೆ ಬಂದವರು’ ಎಂದು ಹತ್ತು ಸಾಲುಗಳಿವೆ. ‘ಯಾರೂ ಇಲ್ಲ’ ಎಂದು ಬರೆದೆ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಹಿಡಿಯಬೇಕೇ ಎಂಬುದು ಸೂಚನೆಯಲ್ಲಿ ಸ್ಪಷ್ಟವಿಲ್ಲ.

ಗ್ರಂಥಾಲಯದಿಂದ ತಂದ ಬಂಗಾಳಿ ಕಾದಂಬರಿಯ ಅನುವಾದ, ಪುಟ 88. ಹದಿನಾರಕ್ಕೆ ಹಿಂತಿರುಗಿಸಬೇಕು.

ಫೆಬ್ರುವರಿ 3, ಮಂಗಳವಾರ

ಎಪ್ಪತ್ತೊಂದು ಮನೆ ಮುಗಿಯಿತು. ಇಲ್ಲಿಯ ಜನ ಊರೊಳಗೆ ಕಡಿಮೆ, ತೋಟಗಳಲ್ಲಿ ಹೆಚ್ಚು. ಒಂದೊಂದು ತೋಟಕ್ಕೂ ಒಂದು ಮನೆತನದ ಹೆಸರು. ಆಶಾ ಕಾರ್ಯಕರ್ತೆ ಶಂಕ್ರವ್ವ ಇಲ್ಲದಿದ್ದರೆ ಕಬ್ಬಿನ ನಡುವೆ ದಾರಿ ತಪ್ಪುತ್ತಿದ್ದೆ. ಅವಳು ಮಾತಾಡುತ್ತ ನಡೆಯುತ್ತಾಳೆ, ನಾನು ಹೆಜ್ಜೆ ಎಣಿಸುತ್ತ.

ಬಸವಲಿಂಗ ಅವರ ಕಟಾವಾದ ಕಬ್ಬಿನ ಹೊಲದಲ್ಲಿ ಕುರಿಗಾರರ ಬಿಡಾರವಿತ್ತು. ಹಿಕ್ಕೆಯ ಗೊಬ್ಬರ ಬೀಳಲೆಂದು ರೈತರು ಕುರಿಗಳನ್ನು ಹೊಲದಲ್ಲಿ ತರುಬಿಸಿಕೊಳ್ಳುತ್ತಾರೆ. ಮೂರು-ನಾಲ್ಕು ರಾತ್ರಿ, ಆಮೇಲೆ ಮುಂದಿನ ಹೊಲ. ಬಲೆಯ ಆವರಣ, ಒಂದು ಕುದುರೆ, ಎರಡು ನಾಯಿ. ಹಿರಿಯ ಕುರಿಗಾರನ ಹೆಸರು ಮಾಲಿಂಗಪ್ಪ. ನಮೂನೆ ತೆಗೆದೆ.

‘ಮನಿ ನಂಬರ ಏನ ಬರೀಲಿ?’

‘ಮನಿ ಎಲ್ಲೈತ್ರಿ ಅಕ್ಕಾರ? ಹೊತ್ತ ಮುಣಗಿದಲ್ಲೇ ಮನಿ.’

‘ಮಂದಿ ಎಷ್ಟ ಅದೀರಿ?’

‘ಇಲ್ಲೇ ಅದೇವಲ್ಲ, ನೋಡ್ರಿ.’

‘ಕುರಿ?’

ಅವನ ಮುಖ ಬಿಗಿಯಾಯಿತು. ‘ಕುರಿ ಎಣಸಬಾರದ್ರಿ. ಎಣಿಸಿದ್ರ ಕಮ್ಮಿ ಆಗತಾವು. ನಮ್ಮಪ್ಪ ಎಣಿಸಿಲ್ಲ, ನಾನೂ ಎಣಸಂಗಿಲ್ಲ.’

‘ಮತ್ತ ಒಂದ ಕಳದ್ರ ಹೆಂಗ ಗೊತ್ತಾಗತೈತಿ?’

‘ನಿಮ್ಮ ಕೈಬಟ್ಟ ದಿನಾ ಎಣಸತೀರೇನ್ರಿ? ಒಂದ ಹೋದ್ರ ಗೊತ್ತಾಗತೈತೋ ಇಲ್ಲೋ?’

ಶಂಕ್ರವ್ವ ಬಿದ್ದು ಬಿದ್ದು ನಕ್ಕಳು. ಬೋರಲು ಹಾಕಿದ ಬುಟ್ಟಿಯ ಕೆಳಗೆ ಕೋಳಿಯ ಸದ್ದು ಕೇಳಿಸಿತು. ಕುರಿಗಾರರು ಒಂದೆರಡು ಜವಾರಿ ಕೋಳಿಗಳನ್ನು ಕುದುರೆಯ ಮೇಲೆ ಹೊತ್ತು ತಿರುಗುವುದು ಇದ್ದದ್ದೇ. ಎತ್ತಿ ನೋಡಲಿಲ್ಲ.

ಅವನ ಸೊಸೆ ಶೈಲಾ ಆಡಿನ ಹಾಲಿನ ಚಹಾ ತಂದಳು. ಏಳು ತಿಂಗಳ ಬಸುರಿ. ನಾನು ಕೆಲಸದ ಮೇಲೆ ಚಹಾ ಕುಡಿಯುವುದಿಲ್ಲ. ಅವಳು ಲೋಟ ಹಿಡಿದು ನಿಂತೇ ಇದ್ದಳು; ಕುಡಿದೆ. ತಾಯಿ ಕಾರ್ಡ್ ಕೇಳಿದರೆ ಮೂಡಲಗಿಯಲ್ಲಿ ಮಾವನ ಅಕ್ಕನ ಮನೆಯಲ್ಲಿದೆ ಎಂದಳು. ‘ಕಾರ್ಡ ಹೊತಗೊಂಡ ಕುರಿ ಹಿಂದ ಹೆಂಗ ತಿರಗಲಿ ಅಕ್ಕಾರ, ಮಳ್ಯಾಗ ತೋದ್ರ?’ ಈಗ ಮಳೆಗಾಲವಲ್ಲ ಎಂದು ನಾನು ಹೇಳಿದೆ. ಅವಳು ನಕ್ಕಳು.

ಸಂಜೆ ಕೋಣೆಯಲ್ಲಿ ಪಟ್ಟಿಯ ಶುದ್ಧ ಪ್ರತಿ ಮಾಡಿದೆ. ಕುರಿಗಾರರ ಸಾಲಿನಲ್ಲಿ ಹೆಸರೊಂದನ್ನು ಬಿಟ್ಟರೆ ಎಲ್ಲ ಖಾನೆಗಳೂ ಖಾಲಿ. ಮನೆ ಸಂಖ್ಯೆಯಿಲ್ಲದ ಸಾಲನ್ನು ಒಟ್ಟು ಮೊತ್ತಕ್ಕೆ ಸೇರಿಸಿದರೆ ಗ್ರಾಮ ಪಂಚಾಯತಿಯ ಲೆಕ್ಕದೊಂದಿಗೆ ತಾಳೆಯಾಗುವುದಿಲ್ಲ. ಬಿಟ್ಟೆ.

ಫೆಬ್ರುವರಿ 5, ಗುರುವಾರ

ಸಮೀಕ್ಷೆ ಮುಗಿಯಿತು. 212 ಮನೆ. ಪಂಚಾಯತಿಯ ಲೆಕ್ಕ 212. ಜ್ವರ ಇದ್ದವರು ಆರು, ಆರೂ ಜನ ಇಂದು ಚೇತರಿಸಿಕೊಂಡಿದ್ದಾರೆ. ಡಾ. ಭೀಮೇಶ ಪಟ್ಟಿ ನೋಡಿ, ‘ಇಷ್ಟ ಚೊಕ್ಕ ಪಟ್ಟಿ ನಾ ನೋಡೇ ಇಲ್ಲ ಮೇಡಂ’ ಎಂದರು.

ಪುಟ 131. ಅನುವಾದ ಚೆನ್ನಾಗಿದೆ.

ಫೆಬ್ರುವರಿ 6, ಶುಕ್ರವಾರ

ಭೋಪಾಲದಿಂದ ಬೆಳಿಗ್ಗೆ ಬಂತು. ಹಕ್ಕಿಜ್ವರವೇ.

ಬಿಳಿ ಉಡುಪಿನ ಹನ್ನೆರಡು ಜನ ಶೆಡ್ಡಿಗೆ ಇಳಿದರು. ಜೇಸಿಬಿ ಗುಂಡಿ ತೋಡಿತು. ಉಳಿದ ಕೋಳಿಗಳನ್ನು ಕೊಂದು ಸುಣ್ಣ ಹಾಕಿ ಹುಗಿದರು. ಬಸವಲಿಂಗ ಬೇಲಿಯ ಹೊರಗೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ಜ್ವರ ನೋಡಲು ಹೋದೆ. 98.4.

‘ಈ ವಾರದಾಗ ಕೋಳಿ ಹೊರಗ ಹೋಗ್ಯಾವೇನ್ರಿ?’ ಇದು ನಮೂನೆಯ ಒಂಬತ್ತನೇ ಪ್ರಶ್ನೆ.

ಅವರು ಗುಂಡಿಯ ಕಡೆಗೊಮ್ಮೆ ನೋಡಿದರು. ಆಮೇಲೆ: ‘ಕುರಿ ತರುಬಿದ್ದಕ್ಕ ವರ್ಸಾ ಜ್ವಾಳಾ ಕೊಡತಿದ್ನಿ ಅಕ್ಕಾರ. ಈ ಸಲ ಹೊಲಾ ಎಲ್ಲಾ ಕಬ್ಬ ಹಚ್ಚೇನಿ, ಜ್ವಾಳಾ ಎಲ್ಲಿಂದ ಬರಬೇಕು? ಕೋಳಿ ಕೊಟ್ಟೇನಿ. ಡಾಕ್ಟರ ಬರೂಕಿಂತ ಮೊದಲ. ಜೀವಂತ ಇದ್ದೂವನ್ನ ಕೊಟ್ಟೇನಿ ಖರೆ, ಸತ್ತೂವಲ್ಲ.’

‘ಎಷ್ಟು?’

‘ಒಂಬತ್ತೋ ಹತ್ತೋ. ಸ್ವಲ್ಪ ತೂಕಡಸಾಕತ್ತಿದ್ದು.’

ಬುಟ್ಟಿ. ಅದರ ಕೆಳಗಿನ ಸದ್ದು.

ಡಾ. ಭೀಮೇಶರಿಗೆ ಹೇಳಿದೆ. ‘ಕುರಿಗಾರರು ಪಟ್ಟ್ಯಾಗ ಅದಾರಲ್ಲ? ನಂಬರ ಕೊಡ್ರಿ, ಫೋನ ಹಚ್ಚೋಣು.’

‘ಇಲ್ಲ ಸರ್. ನಾನೇ ಬಿಟ್ಟೆ.’

‘ಯಾಕ್ರಿ?’

‘ಮನಿ ನಂಬರ ಇರಲಿಲ್ಲ.’

ಅವರು ಪಟ್ಟಿ ಮಡಚಿ ನನಗೇ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು. ಹೊಲಕ್ಕೆ ಓಡಿದೆ. ಹಿಕ್ಕೆ, ಒಲೆಯ ಮೂರು ಕಲ್ಲು, ಬೂದಿ. ಬೂದಿಯ ಪಕ್ಕ ಬಿಳಿ ಪುಕ್ಕಗಳು, ಕಿತ್ತು ಒಂದೆಡೆ ಗುಡ್ಡೆ ಮಾಡಿದವು. ಜವಾರಿ ಕೋಳಿಯ ಪುಕ್ಕ ಹೀಗೆ ಬೆಳ್ಳಗಿರುವುದಿಲ್ಲ. ಕೋಳಿಯ ಪುಕ್ಕ ಕೀಳುವುದು ಹೆಂಗಸರ ಕೆಲಸ. ಅವರಲ್ಲಿ ಒಬ್ಬಳು ಬಸುರಿ, ಮತ್ತೊಬ್ಬಳು ಅವಳ ಅತ್ತೆ.

ಬುಧವಾರ ಬೆಳಗಾಗುವ ಮೊದಲೇ ಎದ್ದು ಹೋದರಂತೆ.

ಫೆಬ್ರುವರಿ 7, ಶನಿವಾರ

ಬಸವಲಿಂಗರ ಬಳಿ ಮಾಲಿಂಗಪ್ಪನ ಮಗ, ಶೈಲಾಳ ಗಂಡ ಉಮೇಶನ ನಂಬರ್ ಇತ್ತು. ಸ್ವಿಚ್ ಆಫ್. ಬೆಳಿಗ್ಗೆಯಿಂದ ಇಪ್ಪತ್ತಾರು ಸಲ ಮಾಡಿದೆ. ಅಧಿಕಾರಿಗಳು ಎಲ್ಲ ಠಾಣೆಗಳಿಗೆ ತಿಳಿಸಿದ್ದಾರೆ. ಠಾಣೆಯವರು ‘ಕುರಿ ಹಿಂಡು ಅಂದ್ರ ಯಾವ ಹಿಂಡ್ರಿ, ರಸ್ತೇದಾಗ ಬರೇ ಹಿಂಡ ಅದಾವ’ ಎಂದರಂತೆ.

ಕೈ ತೊಳೆದೆ. ಶುದ್ಧ ಪ್ರತಿ ತೆಗೆದು ನೋಡಿದೆ, ಒಳಗಿಟ್ಟೆ, ಮತ್ತೆ ತೆಗೆದೆ. 71ಕ್ಕೂ 72ಕ್ಕೂ ನಡುವೆ ಗೆರೆ ಬಿಟ್ಟರೆ ಏನೂ ಇಲ್ಲ. ಶೈಲಾಳ ಶ್ವಾಸಕೋಶಕ್ಕೆ ವೈರಸ್ ಇಳಿದಿದ್ದರೆ, ಜ್ವರ ಬಂದ ಮೊದಲ ಎರಡು ದಿನಗಳೊಳಗೆ ಕೊಟ್ಟ ಮಾತ್ರೆಯಷ್ಟು ಆಮೇಲೆ ಕೊಟ್ಟದ್ದು ಕೆಲಸ ಮಾಡುವುದಿಲ್ಲ. ಈಗಾಗಲೇ ಎಷ್ಟು ದಿನ ಆಗಿದೆ ಎಂದು ಗೊತ್ತಿಲ್ಲ. ಗೊತ್ತಿಲ್ಲ ಎಂಬ ಪದವನ್ನು ಇಂದು ಎಷ್ಟು ಸಲ ಹೇಳಿದೆನೋ.

ಕಾದಂಬರಿಯ ಒಂದು ಪುಟವನ್ನು ನಾಲ್ಕು ಸಲ ಓದಿದೆ.

ಫೆಬ್ರುವರಿ 8, ಭಾನುವಾರ

ರಜೆ. ಯಾರೂ ಹೇಳಿರಲಿಲ್ಲ, ಮೂಡಲಗಿಗೆ ಹೋದೆ.

ಮಾಲಿಂಗಪ್ಪನ ಅಕ್ಕನ ಹೆಸರು ಅಲ್ಲವ್ವ ಎಂಬುದಷ್ಟೇ ಶಂಕ್ರವ್ವನಿಂದ ಗೊತ್ತಾಗಿತ್ತು. ಮೂರು ಓಣಿ ಕೇಳಿದ ಮೇಲೆ ಮನೆ ಸಿಕ್ಕಿತು. ಎಪ್ಪತ್ತರ ಮುದುಕಿ, ಕಟ್ಟೆಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದಳು.

‘ಯಾರವ್ವ ನೀ? ವೋಟಿನಾಕಿ?’

‘ಅಲ್ರೀ, ದವಾಖಾನಿಯಾಕಿ. ನಿಮ್ಮ ತಮ್ಮ ಎಲ್ಲಿ ಅದಾನ್ರಿ ಈಗ?’

‘ಏನ ಮಾಡ್ಯಾನ?’

ಹೇಳಿದೆ. ಕೋಳಿಯಿಂದ ಹಿಡಿದು ಖಾಲಿ ಸಾಲಿನವರೆಗೆ, ಎಲ್ಲ. ಅಷ್ಟು ಹೇಳುವ ಅಗತ್ಯವಿರಲಿಲ್ಲ. ಅವಳು ಹಿಂಜುವುದನ್ನು ನಿಲ್ಲಿಸಿ ನನ್ನ ಚೀಲ ನೋಡಿದಳು.

‘ಇಷ್ಟ ದಪ್ಪ ಪುಸ್ತಕಾ ಹೊತಗೊಂಡ ತಿರಗತೀರಿ, ನಮ್ಮವರನ್ನ ಬರಿಯಾಕ ಅದರಾಗ ಜಾಗಾ ಇರಲಿಲ್ಲೇನ?’

ಅವಳೇ ಒಳಗೆ ಹೋಗಿ ಟ್ರಂಕಿನಿಂದ ಶೈಲಾಳ ತಾಯಿ ಕಾರ್ಡ್ ತಂದಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ದಾರ ಕಟ್ಟಿದ್ದು. ‘ಕುಬಸಾ ಮಾಡಿ ತವರಿಗಿ ಕಳಸತೇವಿ ಅಂದ್ರ ಒಲ್ಲೆ ಅಂದ್ಲು. ಗಂಡನ್ನ ಬಿಟ್ಟಿರಾಕ ಆಗಂಗಿಲ್ಲಂತ. ಇಬ್ಬರೂ ಮಳ್ಳರು.’ ಆಮೇಲೆ ದನಿ ಇಳಿಸಿದಳು. ‘ನಿನ್ನಿ ಯಾರದೋ ಫೋನಿಂದ ಉಮೇಶ ಮಾತಾಡಿದ್ದ. ಆಕೀಗಿ ಕೆಮ್ಮ ಹತ್ತೇತಂತ, ಏನ ಕೊಡಲಿ ಅಂತ ಕೇಳಿದ. ಅರಿಷಿಣ ಹಾಲ ಕುಡಸ ಅಂದೇನಿ.’

‘ಎಲ್ಲಿಂದ ಮಾತಾಡಿದ್ರು?’

‘ಹತ್ತರಗಿ ಹಾದಿ ಹಿಡದಾರ. ವರ್ಸಾ ಲಕ್ಷ್ಮಣನ ಹೊಲದಾಗ ತರಬತಾರಲ್ಲ.’

ಹತ್ತರಗಿ ನಮ್ಮ ಹುಕ್ಕೇರಿ ತಾಲೂಕು. ನನ್ನ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ನಾನು ವಿರುದ್ಧ ದಿಕ್ಕಿಗೆ ಬಂದಿದ್ದೆ.

ಹೊರಡುವಾಗ ಅಲ್ಲವ್ವ ಕಾರ್ಡನ್ನು ನನ್ನ ಕೈಗೇ ಕೊಟ್ಟಳು. ರಸೀದಿ ಕೊಡಬೇಕೆಂದು ನನಗೂ ತೋಚಲಿಲ್ಲ.

ಫೆಬ್ರುವರಿ 9, ಸೋಮವಾರ

ಸಿಕ್ಕರು. ಕ್ರಮವಾಗಿ ಬರೆಯಬೇಕು.

ನಿನ್ನೆ ಸಂಜೆಯೇ ಕೇಳಿದ್ದ ಆಂಬುಲೆನ್ಸ್ ಇಂದು ಸಿಕ್ಕಿತು, ಬೆಳಿಗ್ಗೆ ಹತ್ತಕ್ಕೆ ಹತ್ತರಗಿ. ಹೆದ್ದಾರಿಯಿಂದ ಒಳಗೆ ಅರ್ಧ ಕಿಲೋಮೀಟರು, ಲಕ್ಷ್ಮಣ ಎಂಬವರ ಹೊಲ. ಮೊದಲು ನಾಯಿಗಳು ಬಂದವು. ಲಾರಿಗಳ ಸದ್ದಿನ ನಡುವೆಯೂ ಕೆಮ್ಮು ಕೇಳಿಸಿತು.

ಶೈಲಾ ಕಂಬಳಿಯ ಗುಡಾರದ ಕೆಳಗೆ ಮಲಗಿದ್ದಳು. ಜ್ವರ 102.8. ಉಸಿರು ನಿಮಿಷಕ್ಕೆ ಮೂವತ್ತು. ಆಮ್ಲಜನಕ 91. ಹಣೆಯ ತುಂಬ ಭಂಡಾರ, ಕುರಿಗಾರರ ದೇವರು ಬೀರಪ್ಪನ ಅರಿಶಿನ. ಜ್ವರ ಬಂದದ್ದು ನಿನ್ನೆ ಬೆಳಿಗ್ಗೆ ಎಂದು ಉಮೇಶ ಹೇಳಿದ. ಹಾಗಿದ್ದರೆ ಇದು ಎರಡನೇ ದಿನ. ಎರಡನೇ ದಿನ.

ಬಸವಲಿಂಗರು ಕೊಟ್ಟ ಕೋಳಿಗಳು ಎಷ್ಟು, ಏನಾದವು ಎಂದು ಕೇಳಿದೆ. ಮಾಲಿಂಗಪ್ಪ ಆಕಾಶ ನೋಡಿದರು. ಅವರ ಹೆಂಡತಿ ಲಗಮವ್ವ ಬಗ್ಗಿ ಹರಳುಗಳನ್ನು ಆಯ್ದು, ಮಾತಿಲ್ಲದೆ ನನ್ನ ಮುಂದೆ ಒಂದೊಂದಾಗಿ ಇಟ್ಟಳು. ಒಂಬತ್ತು. ಅದರಲ್ಲಿ ಮೂರು ತೆಗೆದು ಬಾಯಿಯ ಕಡೆ ಕೈ ಮಾಡಿದಳು, ತಿಂದವು. ಐದು ತೆಗೆದು ದೂರ ಎಸೆದಳು, ದಾರಿಯಲ್ಲಿ ಸತ್ತವು. ಒಂದು ಉಳಿಯಿತು. ಬುಟ್ಟಿಯ ಕೆಳಗೆ ಅದು ಕತ್ತು ಓರೆ ಮಾಡಿಕೊಂಡು ಕೂತಿತ್ತು.

‘ನಾ ಎಣಿಸಿಲ್ಲವ್ವಾ’ ಎಂದಳು ಲಗಮವ್ವ, ‘ನೀ ಎಣಿಸಿದಿ. ದೃಷ್ಟಿ ತಾಕಿದ್ರ ನಿಂದ.’

ಆಂಬುಲೆನ್ಸ್ ಎಂದ ಕೂಡಲೇ ಮಾಲಿಂಗಪ್ಪ ಗುಡಾರದ ಬಾಯಿಗೆ ಅಡ್ಡ ನಿಂತರು.

‘ಕಳಸಂಗಿಲ್ಲರಿ.’

‘ಕಾಕಾ, ಆಕೀ ಉಸರ ನೋಡ್ರಿ.’

‘ನೋಡೇನಿ. ಬಸವಲಿಂಗನ ಕೋಳಿ ಹುಗದದ್ದೂ ನೋಡೇನಿ, ಹ್ವಾದ ಊರಾಗ ಮಂದಿ ಫೋನಿನ್ಯಾಗ ತೋರಿಸ್ಯಾರ. ಈಕಿಗಿ ಆ ಜಡ್ಡ ಐತಿ ಅಂತ ನೀವ ಬರದ್ರ, ನಾಳಿ ಬಿಳೀ ಅರಿವಿ ಹಾಕ್ಕೊಂಡ ನಮ್ಮ ಕುರೀಗೂ ಬರತೀರಿ. ಆಮ್ಯಾಲ ನಾವ ಯಾರು?’

‘ಕುರೀಗೆ ಬರಂಗಿಲ್ಲರಿ.’

‘ಯಾರ ಹೇಳ್ಯಾರ?’

ಯಾರೂ ಹೇಳಿರಲಿಲ್ಲ. ಡಾ. ಭೀಮೇಶರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕುರಿಗಳ ಬಗ್ಗೆ ಆದೇಶದಲ್ಲಿ ಒಂದು ಪದವೂ ಇರಲಿಲ್ಲ. ಖಚಿತವಿಲ್ಲದ್ದನ್ನು ಹೇಳಬಾರದು ಎಂಬುದು ಹದಿನೇಳು ವರ್ಷದ ನೌಕರಿಯಲ್ಲಿ ನಾನು ಒಮ್ಮೆಯೂ ಮೀರದ ನಿಯಮ. ಉಮೇಶ ಒಮ್ಮೆ ಅಪ್ಪನನ್ನು, ಒಮ್ಮೆ ಗುಡಾರವನ್ನು ನೋಡುತ್ತಿದ್ದ.

‘ಅಪ್ಪಾ, ಕಳಸೋಣು’ ಎಂದ.

‘ನೀ ಸುಮ್ಮಿರು. ಫೋನಿಗಿ ಕರೆಂಟ ಹಾಕಸಾಕ ಆಗದಾಂವ.’

ಲಗಮವ್ವ ಸೊಂಟದ ಚೀಲ ಬಿಚ್ಚಿ ಅಂಗೈ ತುಂಬ ಅರಿಶಿನದ ಪುಡಿ ಸುರುವಿಕೊಂಡು ನನ್ನ ಮುಂದೆ ಹಿಡಿದಳು. ‘ಭಂಡಾರ ಮುಟ್ಟಿ ಹೇಳ. ಮಾರೀ ಮುಚಗೊಂಡ ಹೇಳಿದ್ದು ಮಾತಲ್ಲವ್ವಾ. ತಗದ ಹೇಳ.’

ಮಾಸ್ಕ್ ತೆಗೆದೆ. ಕೈಗವಸು ತೆಗೆದೆ. ಭಂಡಾರದ ಮೇಲೆ ಬೆರಳಿಟ್ಟೆ.

‘ನಿಮ್ಮ ಕುರೀಗೆ ಯಾರೂ ಕೈ ಹಚ್ಚಂಗಿಲ್ಲ. ಬೀರಪ್ಪನ ಆಣಿ.’

ಸಮಯ 11.20. ಲಗಮವ್ವ ಅದೇ ಭಂಡಾರವನ್ನು ನನ್ನ ಹಣೆಗೆ ಬಳಿದಳು. ಮಾಲಿಂಗಪ್ಪ ಪಕ್ಕಕ್ಕೆ ಸರಿದರು. ಮೊದಲ ಮಾತ್ರೆಯನ್ನು ನಾನೇ ಶೈಲಾಳ ಬಾಯಿಗೆ ಹಾಕಿ ನೀರು ಕುಡಿಸಿದೆ. ಅವಳು ಕೆಮ್ಮಿದಳು, ನನ್ನ ಮುಖಕ್ಕೆ. ಮಾಸ್ಕ್ ಇಲ್ಲದ ಅವಧಿ ಸುಮಾರು ಆರು ನಿಮಿಷ. ನಮೂದಿಸಬೇಕು. ಉಳಿದ ಮೂವರಿಗೂ ಮಾತ್ರೆ ಕೊಟ್ಟೆ.

ಬೆಳಗಾವಿಯ ದಾರಿಯುದ್ದಕ್ಕೂ ಆಮ್ಲಜನಕದ ಕೊಳವೆ ಮೂಗಿಗೆ. ಉಮೇಶ ಡ್ರೈವರಿನ ಪಕ್ಕ. ಸಂಕೇಶ್ವರದಿಂದ ಬರುವ ಲಾರಿಗಳನ್ನು ಹಿಂದೆ ಹಾಕಿದ ಮೇಲೆ ಶೈಲಾ ಕಣ್ಣು ತೆರೆದಳು. ‘ಅಕ್ಕಾರ, ಕೂಸ ಒದ್ಯಾಕತ್ತೈತಿ.’ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಹತ್ತು ನಿಮಿಷದಲ್ಲಿ ನಾಲ್ಕು ಸಲ ಒದೆಯಿತು. ಹತ್ತು ನಿಮಿಷ ಆದ ಮೇಲೂ ಕೈ ತೆಗೆಯಲಿಲ್ಲ, ಅವಳು ಹಿಡಿದುಕೊಂಡಿದ್ದಳು.

4.40ಕ್ಕೆ ಡಾ. ಭೀಮೇಶ ಫೋನ್ ಮಾಡಿದರು. ‘ಕುರಿ ಕೊಲ್ಲೂದಾ? ಯಾರ ಹೇಳಿದ್ರಿ ನಿಮಗ? ಮೂಗಿಂದ ಮಾದರಿ ತಗೋತೀವಿ ಅಷ್ಟ. ಹತ್ತ ದಿನಾ ಅಲ್ಲಿಂದ ಅಲಗಾಡಬಾರದು.’

ಆಣೆ ಮಾಡಿದ್ದಕ್ಕೂ ಈ ಮಾತಿಗೂ ನಡುವೆ ಐದು ಗಂಟೆ ಇಪ್ಪತ್ತು ನಿಮಿಷ. ಅವರು ‘ಹೌದು, ಕೊಲ್ಲಬೇಕು’ ಎಂದಿದ್ದರೆ? ಕೂತಲ್ಲಿ ಕೂಡಲಾಗುತ್ತಿಲ್ಲ.

ಫೆಬ್ರುವರಿ 10, ಮಂಗಳವಾರ

ಹತ್ತು ದಿನ ಮನೆಯಿಂದ ಹೊರಗೆ ಕಾಲಿಡುವಂತಿಲ್ಲ, ನಾನು. ಇಂದಿನ ಜ್ವರ 98.2.

ಕೋಣೆಯ ಉದ್ದ ಹನ್ನೊಂದು ಹೆಜ್ಜೆ, ಅಗಲ ಎಂಟು.

ಮಧ್ಯಾಹ್ನ ಹೊಲದ ಯಜಮಾನ ಲಕ್ಷ್ಮಣನ ಫೋನು. ‘ನಮ್ಮ ಹೊಲದಾಗ ಈ ಪೀಡಾ ಬ್ಯಾಡ. ಇವತ್ತ ಎಬ್ಬಸ್ರಿ ಅವರ್ನ.’ ರೋಗಿಷ್ಟ ಕೋಳಿ ನಿನ್ನೆಯೇ ಹುಗಿದಾಗಿದೆ, ಕುರಿಗಳು ಸೀನುತ್ತಿಲ್ಲ, ಬಿಡಾರ ಅಲ್ಲಿಂದ ಕದಲಿದರೆ ಇಡೀ ತಾಲೂಕಿಗೆ ಅಪಾಯ ಎಂದು ಹೇಳಿದೆ. ಅವನು ಕೇಳಲಿಲ್ಲ. ಆಗ ನಾನು ಕೂಗಿದೆ.

‘ಮೂರ ರಾತ್ರಿ ತರುಬಸಾಕ ವರ್ಸಾ ಅವರ ಬೆನ್ನ ಹತ್ತತೀರಿ. ಈಗ ಹತ್ತ ರಾತ್ರಿ ಪುಕ್ಕಟ ಗೊಬ್ಬರಾ ಬೀಳತೈತಿ ನಿಮ್ಮ ಹೊಲಕ್ಕ. ಬ್ಯಾಡಾದ್ರ ಹೇಳ್ರಿ, ಬಾಜೂ ಹೊಲದಾವ್ರ ಅದಾರ!’

ಬಾಜೂ ಹೊಲದವರು ಯಾರೆಂದು ನನಗೆ ಗೊತ್ತಿಲ್ಲ. ಲಕ್ಷ್ಮಣ, ‘ಮೇವಿಗಿ ಏನ ಮಾಡತಾರ ಮತ್ತ?’ ಎಂದ. ಸಂಜೆಗೆ ಅವನೇ ಎರಡು ಹೊರೆ ಕಬ್ಬಿನ ತುದಿ ಹಾಕಿಸಿದನಂತೆ.

ನನ್ನ ಕೂಗು ಪಕ್ಕದ ಮನೆಗೆ ಕೇಳಿಸಿರಬೇಕು. ನಾಲ್ಕು ವರ್ಷದಿಂದ ನೆರೆಯಲ್ಲಿರುವ ಪೂನಮ್ ಬಾಗಿಲಿನ ಹೊರಗೆ ರೊಟ್ಟಿ, ಪುಂಡಿ ಪಲ್ಯೆ ಇಟ್ಟು, ‘ದೀದಿ, ಜಗಳಾನೂ ಆಡತೀರಿ ನೀವು?’ ಎಂದು ದೂರದಿಂದಲೇ ನಕ್ಕು ಹೋದಳು.

ಫೆಬ್ರುವರಿ 12, ಗುರುವಾರ

ಪುಣೆಯ ಫಲಿತಾಂಶ. ಶೈಲಾಳಿಗೆ ಅದೇ ವೈರಸ್. ಇನ್ನು ಯಾರಿಗೂ ಇಲ್ಲ.

ಅವಳನ್ನು ತೀವ್ರ ನಿಗಾ ಘಟಕಕ್ಕೆ ಒಯ್ದಿದ್ದಾರೆ.

ಸಂಪರ್ಕ ಪಟ್ಟಿ ತುಂಬಿಸಿಕೊಳ್ಳಲು ಹೊಸ ಸಿಬ್ಬಂದಿ ಆಮ್ರಪಾಲಿ ಬಂದಿದ್ದಳು. ಮೆಟ್ಟಿಲ ಕಡೆಯ ಕಿಟಕಿಯಿಂದ ಹಾಳೆ ಕೊಟ್ಟಳು. ಶೈಲಾ, ಲಗಮವ್ವ, ಮಾಲಿಂಗಪ್ಪನವರು, ಉಮೇಶ, ಶಂಕ್ರವ್ವ, ಅಲ್ಲವ್ವ, ಬಸವಲಿಂಗ, ಆಂಬುಲೆನ್ಸಿನ ಇಬ್ಬರು, ಡಾ. ಭೀಮೇಶ. ಮಮದಾಪುರದ ತೋಟವ್ವನ ಮನೆಯಲ್ಲಿ ಒತ್ತಾಯಕ್ಕೆ ಉಂಡಿದ್ದೆ, ಅವಳು, ಅವಳ ಮೊಮ್ಮಗಳು. ಸಾಲು ಸಾಲದೆ ಅಂಚಿನಲ್ಲಿ ಬರೆದೆ.

‘ಒಟ್ಟ ಎಷ್ಟ ಮೇಡಂ?’

‘ಹೆಸರ ಬರದೇನಲ್ಲ.’

ಫೆಬ್ರುವರಿ 13, ಶುಕ್ರವಾರ

ಉಮೇಶ ಫೋನ್ ಎತ್ತುತ್ತಿಲ್ಲ. ಆಸ್ಪತ್ರೆಯವರು ‘ಹಾಗೇ ಇದೆ’ ಎನ್ನುತ್ತಾರೆ. ಹಾಗೇ ಎಂದರೆ ಎಷ್ಟು? ಆಮ್ಲಜನಕ ಎಷ್ಟು?

ಅವರು ಎದ್ದು ಹೋದ ಬುಧವಾರ ಬೆಳಿಗ್ಗೆ ನಾನು ಪಕ್ಕದಲ್ಲೇ ಇದ್ದಿದ್ದರೆ ಎಂದಲ್ಲ, ಅದರ ಹಿಂದಿನ ಸಂಜೆ ಆ ಸಾಲನ್ನು ಬಿಡದಿದ್ದರೆ. ಕಳೆದ ಶುಕ್ರವಾರವೇ ಹುಡುಕಲು ಒಂದು ಹೆಸರು, ಒಂದು ನಂಬರು ಇರುತ್ತಿತ್ತು. ಕೋಳಿಗಳನ್ನು ಅಲ್ಲೇ ಹಿಡಿಯಬಹುದಿತ್ತು.

ಮೂರು ಗಂಟೆಗೆ 99.4. ನಾಲ್ಕಕ್ಕೆ 99.4. ಕಿಟಕಿ ಮುಚ್ಚಿದೆ, ತೆರೆದೆ. ಏಳಕ್ಕೆ 98.6.

ಫೆಬ್ರುವರಿ 14, ಶನಿವಾರ

98.4. ಸುದ್ದಿಯಿಲ್ಲ.

ಫೆಬ್ರುವರಿ 16, ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಉಮೇಶ.

‘ಅಕ್ಕಾರ, ಮೂಗಿನ ನಳಿ ತಗದಾರ. ಗಂಜಿ ಉಂಡ್ಲು. ನನಗ ಬೈದ್ಲು.’

‘ಏನಂತ?’

‘ಫೋನ ಯಾಕ ಬಂದ್ ಇಟ್ಟಿದ್ದಿ ಅಂತ.’

‘ಖರೆ ಐತಲ್ಲ, ಯಾಕ ಇಟ್ಟಿದ್ದಿ?’

‘ನೀವೂ ಬೈಯಾಕತ್ರೇನ್ರಿ!’

ಕೂಸು ಚೆನ್ನಾಗಿದೆಯಂತೆ. ಫೋನ್ ಇಟ್ಟ ಮೇಲೆ ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಈರುಳ್ಳಿಯೇನೂ ಹೆಚ್ಚಿರಲಿಲ್ಲ.

ಗ್ರಂಥಾಲಯದ ಪುಸ್ತಕ ಇಂದು ಕೊಡಬೇಕಿತ್ತು. ಪುಟ 131ರಲ್ಲೇ ಇದೆ.

ಫೆಬ್ರುವರಿ 17, ಮಂಗಳವಾರ

ಡಾ. ಭೀಮೇಶ ತಿದ್ದಿದ ಪಟ್ಟಿ ಕೇಳಿದರು. ಕಂಪ್ಯೂಟರಿನಲ್ಲಿ 213ನೇ ಸಾಲು ಸೇರಿಸಿದೆ. ಮನೆ ಸಂಖ್ಯೆ: ‘ಸದ್ಯ ಲಕ್ಷ್ಮಣ ಅವರ ಹೊಲ, ಹತ್ತರಗಿ’. ಸದಸ್ಯರ ಖಾನೆಯಲ್ಲಿ ನಾಲ್ಕು ಹೆಸರು. ಕುರಿಗಳ ಖಾನೆಯಲ್ಲಿ ‘ಇವೆ’ ಎಂದು ಬರೆದೆ.

ಅವರು ಫೋನ್ ಮಾಡಿದರು. ‘ಮೇಡಂ, ಕುರಿ ಎಷ್ಟಂತ ಹಾಕಿಲ್ಲಲ್ಲ? ಮಾದರಿ ತಗೊಂಡ ಹುಡುಗರನ್ನ ಕೇಳಿದ್ರ ಹೇಳತಾರ.’

‘ಇರಲಿ ಬಿಡ್ರಿ ಸರ್. ಎಲ್ಲಾವೂ ಆರಾಮ ಅದಾವ.’

ಕುರಿಗಳ ಮಾದರಿಯಲ್ಲಿ ಏನೂ ಸಿಕ್ಕಿಲ್ಲ.

ಫೆಬ್ರುವರಿ 19, ಗುರುವಾರ

ಹತ್ತನೆಯ ದಿನ. ಬೆಳಿಗ್ಗೆ ನೋಡಿದಾಗ 98.4. ಆಮ್ರಪಾಲಿ ಸಂಜೆ ಬಂದು ಬಿಡುಗಡೆಯ ಕಾಗದ ಕೊಡುತ್ತಾಳೆ. ಅಲ್ಲಿಯವರೆಗೆ ಕಿಟಕಿಯೇ.

ಹತ್ತೂವರೆಗೆ ಮೊದಲು ಬಂದದ್ದು ಸದ್ದು: ನಾಯಿ, ಗಂಟೆ, ಯಾರೋ ಬೈಕಿನವನ ಹಾರ್ನು. ಬಿಡಾರ ಇಂದು ಬೆಳಗಿನ ಜಾವ ಹತ್ತರಗಿಯಿಂದ ಎದ್ದಿದೆ, ಮೂಡಲಗಿಯ ಕಡೆಗೆ. ಹುಕ್ಕೇರಿಯಲ್ಲಿ ಹಾಯಬೇಕಾದ ರಸ್ತೆ ಇದಲ್ಲ. ಸುತ್ತು ಹಾಕಿ ನಮ್ಮ ಓಣಿಗೆ ತಂದಿದ್ದಾರೆ. ಪೂನಮ್ ಮೆಟ್ಟಿಲಿನ ಮೇಲೆ ನಿಂತು ಬಾಯಿ ತೆರೆದು ನೋಡುತ್ತಿದ್ದಳು. ಕುಂಡದ ಗಿಡವೊಂದು ಅಷ್ಟರಲ್ಲೇ ಕುರಿಯ ಬಾಯಿಗೆ ಹೋಯಿತು.

ಕುದುರೆಯ ಮೇಲೆ ಬುಟ್ಟಿಯಿರಲಿಲ್ಲ. ಎರಡು ಮರಿಗಳನ್ನು ಚೀಲದಲ್ಲಿ ಇಳಿಬಿಟ್ಟಿದ್ದರು. ಲಗಮವ್ವ ಕಿಟಕಿಯ ಕೆಳಗೆ ನಿಂತು ಕೂಗಿದಳು.

‘ಅಕ್ಕಾರ! ಜ್ವರಾ ನೋಡಕೊಂಡ್ರೇನ?’

‘ನೋಡಕೊಂಡೇನಿ. ತೊಂಬತ್ತೆಂಟ...’

‘ಎಷ್ಟಂತ ಹೇಳಬ್ಯಾಡವ್ವಾ! ಐತೋ ಇಲ್ಲೋ, ಅಷ್ಟ ಹೇಳ.’

‘ಇಲ್ಲ.’

‘ಹಂಗಂದ್ರ ಆತು.’

ಶೈಲಾಳನ್ನು ನಿನ್ನೆ ಬಿಡುಗಡೆ ಮಾಡಿದರಂತೆ. ಆಸ್ಪತ್ರೆಯಿಂದ ನೇರ ತವರಿಗೆ. ಉಮೇಶನೂ ಜೊತೆಗೆ ಹೋಗಿದ್ದಾನೆ, ‘ಬಿಟ್ಟಿರಾಕ ಆಗಂಗಿಲ್ಲಂತ, ಮಳ್ಳ’. ತಾಯಿ ಕಾರ್ಡ್ ನನ್ನ ಬಳಿಯೇ ಉಳಿದಿತ್ತು. ಪ್ಲಾಸ್ಟಿಕ್ಕಿನ ದಾರ ಬಿಗಿ ಮಾಡಿ ಕಿಟಕಿಯಿಂದ ಕೆಳಗೆ ಬಿಟ್ಟೆ. ಲಗಮವ್ವ ಸೆರಗೊಡ್ಡಿ ಹಿಡಿದುಕೊಂಡಳು.

ಮಾಲಿಂಗಪ್ಪನವರು ಹಿಂಡಿನ ಹಿಂದೆ ಇದ್ದರು. ಕೋಲನ್ನು ಹೆಗಲಿಗಿಟ್ಟು ಒಮ್ಮೆ ಮೇಲೆ ನೋಡಿದರು.

ಕುರಿಗಳು ಕಿಟಕಿಯ ಕೆಳಗೆ ಒತ್ತೊತ್ತಾಗಿ ಹಾಯುತ್ತಿದ್ದವು. ನಲವತ್ತೊಂದರವರೆಗೆ ಎಣಿಸಿಬಿಟ್ಟಿದ್ದೆ, ಅಭ್ಯಾಸ. ಅವರು ನೋಡಿದ ಮೇಲೆ ಕಣ್ಣನ್ನು ಎದುರು ಮನೆಯ ಗೋಡೆಗೆ ಹೊರಳಿಸಿದೆ. ಗೊರಸಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.